ಮನೆಯೊಳಗಿನ ರೈಲು: ನೆಲೆಯೂರಬೇಕೇ, ಕಳಚಿಡಬೇಕೇ?

ಅಳ್ನಾವರ ಜಂಕ್ಷನ್ನಿನಲ್ಲಿ ಕವಲೊಡೆದು ಕಾಡಿನ ನಡುವೆ ದಾಂಡೇಲಿಯ ಕಡೆಗೆ ಸಾಗುವ ರೈಲುಹಾದಿಯ ಉದ್ದ ಸುಮಾರು 25 ಕಿಲೋಮೀಟರ್. ಕಾಡಿನ ಮರಮಟ್ಟು ಸಾಗಿಸಲೆಂದು ಬ್ರಿಟಿಷರ ಆಳ್ವಿಕೆಯಲ್ಲಿ ಹಾಕಿದ ಹಾದಿ ಇದು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂದ ಮೇಲೆ ಅದರ ಸರಕಿಗೂ ಒದಗಿತು. 1990ರ ದಶಕದಲ್ಲಿ ಈ ಹಾದಿಯ ಪ್ರಯಾಣಿಕರ ಗಾಡಿ ನಿಂತುಹೋಯಿತು. 2019ರ ನವೆಂಬರಿನಲ್ಲಿ ಅಂಬೇವಾಡಿ ನಿಲ್ದಾಣದಿಂದ ಅದು ಮತ್ತೆ ಹೊರಡುವ ಹೊತ್ತಿಗೆ, ತನ್ನೂರಿನ ನಿಲ್ದಾಣದಲ್ಲಿ ರೈಲು ಹತ್ತದೆಯೇ ಒಂದು ತಲೆಮಾರು ಬೆಳೆದು ದೊಡ್ಡದಾಗಿತ್ತು.

ಹೀಗೆ ಬಂದು, ನಿಂತು, ಮತ್ತೆ ಬಂದ ಹಾದಿಯನ್ನು ಮನೆಯೊಳಗೇ ಕಟ್ಟಿಕೊಳ್ಳಬೇಕೆಂದು ಯಾರಿಗಾದರೂ ಅನ್ನಿಸಿದರೆ ಅದು ಹುಚ್ಚು ಎನ್ನುವ ಹಾಗಿಲ್ಲ. ಮಾದರಿ ರೈಲು ಕಟ್ಟುವುದು ಜಗತ್ತಿನ ಹಲವೆಡೆ ದೊಡ್ಡವರ ಹವ್ಯಾಸ. ಕೀಲಿ ಕೊಟ್ಟರೆ ಸುತ್ತುವ ಆಟಿಕೆಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಇಂಜಿನ್, ಡಬ್ಬಿ, ನಿಲ್ದಾಣ, ಮರ, ಮನುಷ್ಯ ಎಲ್ಲವೂ ಒಂದೇ ಅಳತೆಯಲ್ಲಿ ಕಿರಿದಾಗಿರಬೇಕು. ಹಳಿ, ಹಲಗೆ, ಗುಡ್ಡ, ಊರು ಎಲ್ಲ ಸೇರಿದ ಒಟ್ಟು ರಚನೆಯನ್ನು ಹವ್ಯಾಸಿಗಳು 'ಲೇಔಟು' ಎನ್ನುತ್ತಾರೆ. ಲೇಔಟು ಎಂದೊಡನೆ ಸೈಟು, ಬಡಾವಣೆ ನೆನಪಾಗುವ ಕನ್ನಡಿಗರಿಗೆ ಇದು ತುಸು ತಮಾಷೆಯಾಗಿ ಕಂಡೀತು. ಆದರೆ ಕಂದಾಯ ಇಲಾಖೆಯ ಇನ್ನೊಂದು ಜೋಡಿ ಮಾತು ಇಲ್ಲಿ ನಿಜಕ್ಕೂ ಹೊಂದುತ್ತದೆ: ಸ್ಥಿರಾಸ್ತಿ ಮತ್ತು ಚರಾಸ್ತಿ. ಕೋಣೆಯ ಗೋಡೆಗೆ ಕಚ್ಚಿಕೊಂಡು, ಅಲ್ಲಿಯೇ ಬೆಳೆದು, ಅಲ್ಲಿಯೇ ಮುಗಿಯುವ ಲೇಔಟು ಒಂದು ಬಗೆ. ತುಂಡು ತುಂಡಾಗಿ ಕಳಚಿ ಅಟ್ಟಕ್ಕೇರಿಸಬಹುದಾದದ್ದು, ಬೇಕಾದರೆ ಲಾರಿಗೆ ಹಾಕಿ ಇನ್ನೊಂದೂರಿಗೆ ಒಯ್ಯಬಹುದಾದದ್ದು ಮತ್ತೊಂದು ಬಗೆ. ಮೊದಲ ಹಲಗೆ ಕೊಯ್ಯುವ ಮುನ್ನವೇ ಇವೆರಡರಲ್ಲಿ ಯಾವುದೆಂದು ತೀರ್ಮಾನವಾಗಬೇಕು. ಆಮೇಲೆ ಮನಸ್ಸು ಬದಲಾಯಿಸಿದರೆ ಗರಗಸವೇ ಗತಿ.

ಚರಿತ್ರೆಯಲ್ಲಿ ಮೊದಲು ಬಂದದ್ದು ಚರ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಗೊತ್ತಾದ ಗೇಜಿನ, ಒಂದಕ್ಕೊಂದು ಸಿಕ್ಕಿಸಬಹುದಾದ ಹಳಿತುಂಡುಗಳನ್ನು ಮಾರಾಟಕ್ಕಿಟ್ಟಿತು. ಮಕ್ಕಳು ಅವುಗಳನ್ನು ಜಮಖಾನೆಯ ಮೇಲೆ ಜೋಡಿಸಿ ಆಡಿ, ಊಟದ ಹೊತ್ತಿಗೆ ಪೆಟ್ಟಿಗೆಗೆ ತುಂಬಬೇಕಿತ್ತು. ಗಾಡಿಗಳು ದೊಡ್ಡವಿದ್ದವು, ನೆಲ ಬಿಟ್ಟರೆ ಅವಕ್ಕೆ ಜಾಗವಿರಲಿಲ್ಲ. 1930ರ ದಶಕದಲ್ಲಿ ಗಾಡಿಗಳು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವಾದವು. ಇಂಗ್ಲೆಂಡಿನ 'ಹಾರ್ನ್‌ಬಿ ಡಬ್ಲೊ' 1938ರಲ್ಲಿ ಬಂತು. ರೈಲು ನೆಲದಿಂದ ಮೇಜಿಗೆ ಹತ್ತಿತು. ಮೇಜಿಗೆ ಹತ್ತಿದ್ದನ್ನು ಇಳಿಸುವುದು ಬೇಡವೆನಿಸಿ ಮೊಳೆ ಹೊಡೆದರು, ಸುತ್ತ ಗುಡ್ಡ ಕಟ್ಟಿದರು. ಸ್ಥಿರ ಲೇಔಟು ಹುಟ್ಟಿದ್ದು ಹೀಗೆ.

ಸ್ಥಿರ ಲೇಔಟಿನ ಸೊಗಸು, ಸಂಕಟ ಎರಡನ್ನೂ ತಿಳಿಯಲು ಅಮೆರಿಕದ ಜಾನ್ ಆಲನ್ ಅವರ ಕತೆಯೊಂದು ಸಾಕು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಅವರು 'ಗೋರಿ ಅಂಡ್ ಡಿಫೀಟೆಡ್' ಎಂಬ ಕಲ್ಪಿತ ರೈಲ್ವೆಯನ್ನು ವರ್ಷಗಟ್ಟಲೆ ಕಟ್ಟಿದರು. ಪರ್ವತಗಳು ಛಾವಣಿ ಮುಟ್ಟುತ್ತಿದ್ದವು. ಹವ್ಯಾಸಿಗಳ ಪತ್ರಿಕೆಗಳಲ್ಲಿ ಅದರ ಛಾಯಾಚಿತ್ರ ನೋಡಿ ಎಷ್ಟೋ ಜನ ಈ ಕೆಲಸಕ್ಕೆ ಇಳಿದರು. 1973ರ ಜನವರಿಯಲ್ಲಿ ಆಲನ್ ತೀರಿಕೊಂಡರು. ಕೆಲವೇ ದಿನಗಳಲ್ಲಿ ಆ ಮನೆಗೆ ಬೆಂಕಿ ಬಿದ್ದು ಲೇಔಟು ಬಹುಪಾಲು ಸುಟ್ಟುಹೋಯಿತು. ಬೆಂಕಿ ಬೀಳದಿದ್ದರೂ ಅದನ್ನು ಅಲ್ಲಿಂದ ಎತ್ತಿ ಬೇರೆಡೆ ಇಡುವುದು ಸುಲಭವಿರಲಿಲ್ಲ. ಈ ಕತೆಯಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯೂ ಇದೆ. ಆಲನ್ ಮೊದಲು ಕಟ್ಟಿದ್ದು ಏಳಡಿಗೂ ಕಡಿಮೆ ಉದ್ದದ ಪುಟ್ಟ ಲೇಔಟು. ಮುಂದೆ ದೊಡ್ಡದನ್ನು ಕಟ್ಟಿದಾಗ ಆ ಪುಟ್ಟದನ್ನು ಒಡೆಯಲಿಲ್ಲ, ದೊಡ್ಡದರ ಒಂದು ಮೂಲೆಯಾಗಿ ಸೇರಿಸಿಕೊಂಡರು.

ನೆರೆಯ ಪುಣೆಯ ಅನುಭವ ಇದಕ್ಕೆ ತಿರುಗುಮುರುಗು. ಅಲ್ಲಿನ ಭಾವೂ ಜೋಶಿಯವರು ರೈಲಿನ ಮೋಹಕ್ಕೆ ಬಿದ್ದು, ಕಳಚಿ ಸಾಗಿಸಬಹುದಾದ ಪುಟ್ಟ ರೈಲುನಗರವೊಂದನ್ನು ಕಟ್ಟಿ 1980ರ ದಶಕದಲ್ಲಿ ಪ್ರದರ್ಶಿಸಿದರು. ಬಿಚ್ಚುವುದು, ಹೇರುವುದು, ಜೋಡಿಸುವುದು, ಮುರಿದದ್ದನ್ನು ಅಂಟಿಸುವುದು, ಇಷ್ಟರಲ್ಲೇ ಜೀವ ಹೈರಾಣಾಗುತ್ತಿತ್ತು. ಕೊನೆಗೆ ಒಂದೆಡೆ ನೆಲೆ ನಿಲ್ಲಿಸುವುದೇ ಸರಿಯೆಂದು ಕೊಥ್ರೂಡದಲ್ಲಿ ಕಟ್ಟಡದೊಳಗೆ ಶಾಶ್ವತ ಲೇಔಟು ರಚಿಸಿದರು. 1998ರ ಏಪ್ರಿಲ್ 1ರಂದು ಅದು ಸಾರ್ವಜನಿಕರಿಗೆ ತೆರೆದ ಪುಟಾಣಿ ರೈಲು ವಸ್ತುಸಂಗ್ರಹಾಲಯವಾಯಿತು. ದಾಂಡೇಲಿ ಕಡೆಯವರು ಪುಣೆಗೆ ಹೋದಾಗ ಒಂದು ಗಂಟೆ ಬಿಡುವು ಮಾಡಿಕೊಂಡು ನೋಡಬೇಕಾದ ಜಾಗ. ಆದರೆ ಜೋಶಿಯವರು ಆರಿಸಿದ್ದು ಸಂಗ್ರಹಾಲಯಕ್ಕೆ ಸರಿಯಾದದ್ದು. ಅಲ್ಲಿ ಜನ ರೈಲಿನ ಬಳಿಗೆ ಬರುತ್ತಾರೆ, ರೈಲಿಗಾಗಿಯೇ ಕಟ್ಟಡವಿದೆ. ಮನೆಯ ಲೆಕ್ಕ ಹಾಗಲ್ಲ. ಅಲ್ಲಿ ಮೊದಲು ಜನ, ಅವರ ಮಂಚ, ಕಪಾಟು, ಮಕ್ಕಳ ಓದುವ ಮೇಜು. ಉಳಿದ ಜಾಗ ರೈಲಿಗೆ.

ಉಳಿಯುವ ಜಾಗ ಎಷ್ಟು? ಪ್ಲೈವುಡ್ ಅಂಗಡಿಯಲ್ಲಿ ಸಿಗುವ ಪೂರ್ಣ ಹಾಳೆಯ ಅಳತೆ 8 ಅಡಿ ಉದ್ದ, 4 ಅಡಿ ಅಗಲ. ಹೊಸಬರು ಸಾಮಾನ್ಯವಾಗಿ ಒಂದು ಹಾಳೆ ತಂದು ಅದರ ಮೇಲೆ ಮೊಟ್ಟೆಯಾಕಾರದಲ್ಲಿ ಹಳಿ ಹಾಕುತ್ತಾರೆ. ಹೆಚ್ಚು ಬಳಕೆಯಲ್ಲಿರುವ 'ಎಚ್ಒ' ಅಳತೆಯಲ್ಲಿ ಗಾಡಿ ನಿಜದ 87ನೇ ಒಂದು ಪಾಲು, ಹಳಿಯ ಗೇಜು 16.5 ಮಿ.ಮೀ. ಇದರ ಗಾಡಿಗಳು ಸರಾಗವಾಗಿ ತಿರುಗಲು ತಿರುವಿನ ತ್ರಿಜ್ಯ ಕನಿಷ್ಠ 18 ಇಂಚು ಬೇಕು. ಅಂದರೆ ಒಂದು ಸುತ್ತಿಗೇ ಮೂರಡಿಗಿಂತ ಹೆಚ್ಚು ಅಗಲ ಹೋಯಿತು. ಮನುಷ್ಯನ ಕೈ ಎರಡೂವರೆ ಅಡಿಗಿಂತ ಆಚೆ ನೆಟ್ಟಗೆ ಎಟಕುವುದಿಲ್ಲವಾದ್ದರಿಂದ ಆ ಹಾಳೆಯನ್ನು ಗೋಡೆಗೆ ಒತ್ತರಿಸುವಂತಿಲ್ಲ, ಸುತ್ತ ಓಡಾಡಲು ಜಾಗ ಬಿಡಬೇಕು. ಹೀಗೆ 8 ಅಡಿಯ ಹಲಗೆ 12 ಅಡಿಯ ಕೋಣೆ ನುಂಗುತ್ತದೆ. ಅದಕ್ಕಿಂತ ಚಿಕ್ಕದಾದ 'ಎನ್' ಅಳತೆಯಲ್ಲಿ ಗಾಡಿ 160ನೇ ಒಂದು ಪಾಲು, ಗೇಜು 9 ಮಿ.ಮೀ. ಎರಡಡಿ ಅಗಲದಲ್ಲಿ ಅದರ ರೈಲು ಸುತ್ತು ಹೊಡೆದೀತು. ಕಣ್ಣು ಮಂಜಾದವರಿಗೆ ಮಾತ್ರ ಕೆಲಸ ಸೂಕ್ಷ್ಮ.

ಇನ್ನು ಯಾವ ಜಾಗದ ರೈಲನ್ನು ಕಟ್ಟುವುದು ಎಂಬ ಪ್ರಶ್ನೆ. ಅಳ್ನಾವರ–ದಾಂಡೇಲಿ ಹಾದಿಯನ್ನು ಎಚ್ಒ ಅಳತೆಗೆ ಇಳಿಸಿದರೂ ಸುಮಾರು 287 ಮೀಟರ್ ಬೇಕು. ಯಾರ ಮನೆಯಲ್ಲೂ ಅಷ್ಟು ಹಿಡಿಸದು. ಹಾಗಾಗಿ ಒಂದು ತುಣುಕನ್ನು ಆರಿಸಬೇಕು. ಆ ತುಣುಕು ಯಾವುದೆಂದು ಆರಿಸಿದೊಡನೆ ಲೇಔಟು ಸ್ಥಿರವೋ ಚರವೋ ಎಂಬುದೂ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದೆ. ಈ ಸೀಮೆಯಲ್ಲಿಯೇ ಅದಕ್ಕೆ ಎರಡು ಒಳ್ಳೆಯ ಉದಾಹರಣೆಗಳಿವೆ.

ಒಂದು, ಜೊಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್. 1880ರ ದಶಕದಲ್ಲಿ ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿ ಬಂದ ಪೋರ್ಚುಗೀಸರ ರೈಲು ಬ್ರಿಟಿಷ್ ಇಂಡಿಯಾದ ರೈಲನ್ನು ಕೂಡಿದ್ದು ಇಲ್ಲಿ. 1961ರ ತನಕ ಗೋವೆಯ ಗಡಿಯ ನಿಲ್ದಾಣ. ಇಲ್ಲಿಂದ ಕೆಳಗೆ ಕುಳೆಯವರೆಗಿನ ಸುಮಾರು 26 ಕಿಲೋಮೀಟರ್ ಘಟ್ಟದಲ್ಲಿ ಸುರಂಗಗಳು, ಸೇತುವೆಗಳು, ದೂಧಸಾಗರದ ಜಲಪಾತ. 37 ಅಡಿ ಮುಂದೆ ಹೋದರೆ ಒಂದು ಅಡಿ ಏರುವಷ್ಟು ಕಡಿದಾದ ಹಾದಿ. ಮೇಲೆ ಹತ್ತುವ ಗಾಡಿಗೆ ಹಿಂದಿನಿಂದ ನೂಕಲು ಬೇರೆ ಇಂಜಿನ್ನುಗಳು ಬೇಕು. ಇದನ್ನು ಮನೆಯಲ್ಲಿ ಕಟ್ಟುವವರು ಅದೇ ಏರನ್ನು ಇಟ್ಟುಕೊಂಡರು ಎನ್ನೋಣ. ಒಂದು ಹಳಿ ಇನ್ನೊಂದರ ಮೇಲೆ ಹಾಯಬೇಕಾದರೆ ಎಚ್ಒ ಅಳತೆಯಲ್ಲಿ ಏಳೂವರೆ ಸೆಂಟಿಮೀಟರ್ ಎತ್ತರ ಬೇಕು. ಅಷ್ಟು ಏರಲು ಒಂಬತ್ತು ಅಡಿ, ಇಳಿಯಲು ಮತ್ತೊಂಬತ್ತು. ಮೇಲಾಗಿ ಮಾದರಿ ಇಂಜಿನ್ನುಗಳೂ ಆ ಏರಿನಲ್ಲಿ ನಿಜದವುಗಳ ಹಾಗೆಯೇ ಏದುಸಿರು ಬಿಡುತ್ತವೆ. ಗುಡ್ಡ, ಸುರಂಗ, ತಿರುವಿನ ಮೇಲೆ ತಿರುವು. ಇದನ್ನು ತುಂಡರಿಸಿ ಅಟ್ಟಕ್ಕೇರಿಸುವ ಮಾತೇ ಇಲ್ಲ. ಕ್ಯಾಸಲ್‌ರಾಕ್ ಬೇಕೆಂದರೆ ಸ್ವಂತ ಮನೆ, ಅದರಲ್ಲೊಂದು ಪ್ರತ್ಯೇಕ ಕೋಣೆ, ಮುಂದಿನ ಹತ್ತು ವರ್ಷ ಅಲ್ಲಿಂದ ಕದಲುವುದಿಲ್ಲವೆಂಬ ಧೈರ್ಯ ಮೂರೂ ಬೇಕು.

ಇನ್ನೊಂದು, ದಾಂಡೇಲಿಯ ಕಡೆಯ ನಿಲ್ದಾಣವೇ. ಹಾದಿ ಅಲ್ಲಿಗೆ ಮುಗಿಯುತ್ತದೆ. ನೆಲ ಸಮತಟ್ಟು. ಪುಟ್ಟ ನಿಲ್ದಾಣ, ಮರದ ದಿಮ್ಮಿ ಪೇರಿಸಿದ ಅಂಗಳ, ಕಾರ್ಖಾನೆಯ ಗೋಡೆ, ಹಿಂದೆ ಕಾಡು. ಇಲ್ಲಿ ರೈಲು ಸುತ್ತು ಹೊಡೆಯಬೇಕಾಗಿಲ್ಲ. ಬರಬೇಕು, ವ್ಯಾಗನ್ ಬಿಡಬೇಕು, ಬೇರೆಯದನ್ನು ಕಟ್ಟಿಕೊಂಡು ಹೋಗಬೇಕು. ಐದಡಿ ಉದ್ದ, ಒಂದಡಿ ಅಗಲದ ಹಲಗೆಯ ಮೇಲೆ ಇಷ್ಟೂ ನಡೆಯುತ್ತದೆ. ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ ಒಂದು ಶಂಟಿಂಗ್ ಆಟ ಇಂಥ ಹಲಗೆಗೆಂದೇ ಹೇಳಿ ಮಾಡಿಸಿದಂತಿದೆ. ಮೂರೇ ಹಳಿ. ಒಂದರಲ್ಲಿ ಐದು ವ್ಯಾಗನ್ ನಿಲ್ಲುವಷ್ಟು ಜಾಗ, ಉಳಿದೆರಡರಲ್ಲಿ ಮೂರು ಮೂರು. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಐದನ್ನು ಆರಿಸಿ, ಎತ್ತಿದ ಕ್ರಮದಲ್ಲಿಯೇ ಅವುಗಳ ಗಾಡಿ ಕಟ್ಟಬೇಕು. ಹೀಗೆ ಬರಬಹುದಾದ ಕ್ರಮಗಳು 6,720. ದಿನಕ್ಕೊಂದು ಗಾಡಿ ಕಟ್ಟಿದರೂ ಮುಗಿಯಲು ಹದಿನೆಂಟು ವರ್ಷ ದಾಟುತ್ತದೆ. ಸುತ್ತುವ ರೈಲನ್ನು ನೋಡಿ ಎರಡನೆಯ ದಿನಕ್ಕೇ ಬೇಸರಿಸುವ ಮಕ್ಕಳು ಇದರ ಮುಂದೆ ಗಂಟೆಗಟ್ಟಲೆ ಕೂರುವುದುಂಟು.

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದ ಬದುಕನ್ನು ನೋಡಿದರೂ ಚರದ ಪರವಾಗಿ ಹೇಳುವುದೇ ಹೆಚ್ಚಿದೆ. ಕಾಗದದ ಕಾರ್ಖಾನೆ, ಅರಣ್ಯ ಇಲಾಖೆ, ಕಾಳಿ ನದಿಯ ವಿದ್ಯುತ್ ಯೋಜನೆ, ಬ್ಯಾಂಕು, ಶಾಲೆ ಎಂದು ನೌಕರಿಗೆ ಬಂದವರು ಈ ಭಾಗದಲ್ಲಿ ಬಹಳ. ಅಂಬಿಕಾನಗರ, ಗಣೇಶಗುಡಿಗಳು ವಿದ್ಯುತ್ ಯೋಜನೆಯ ನೌಕರರಿಂದಲೇ ಬೆಳೆದ ವಸತಿಗಳು. ಕ್ವಾರ್ಟರ್ಸಿನ ಮನೆ ನಿವೃತ್ತಿಯ ತನಕ, ಇಲ್ಲವೇ ಮುಂದಿನ ವರ್ಗಾವಣೆಯ ತನಕ ಮಾತ್ರ. ಕೀಲಿಕೈ ಒಪ್ಪಿಸುವ ದಿನ ಗೋಡೆಗೆ ಕಚ್ಚಿದ ಗುಡ್ಡವನ್ನು ಕೆಡವುವ ಕೆಲಸ ಸಾಮಾನ್ಯವಾಗಿ ಅದನ್ನು ಕಟ್ಟಿದವರ ಪಾಲಿಗೇ ಬರುತ್ತದೆ. ಸ್ವಂತ ಮನೆಯವರೂ ಕದಲದೆ ಇರುತ್ತಾರೆಂದು ಈ ಸೀಮೆಯಲ್ಲಿ ಹೇಳುವುದು ಕಷ್ಟ. ತಾಲ್ಲೂಕಿನ ಕಸಬೆಯಾಗಿದ್ದ ಸುಪಾ ಎಂಬ ಊರಿಗೆ ಊರೇ ಕಾಳಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಕಚೇರಿಗಳು ಜೊಯಿಡಾಕ್ಕೆ ಬಂದವು. ಅತ್ತ ಮುಂಡಗೋಡದಲ್ಲಿ ನಡೆದದ್ದು ಇದರ ವಿರುದ್ಧ. 1960ರ ದಶಕದಲ್ಲಿ ಆಶ್ರಯಕ್ಕೆಂದು ಬಂದ ಟಿಬೆಟಿನ ಜನ ಈಗ ಮೂರನೆಯ ತಲೆಮಾರು ಕಾಣುತ್ತಿದ್ದಾರೆ.

ಮಳೆಯ ಮಾತೂ ಇದೆ. ಕ್ಯಾಸಲ್‌ರಾಕ್ ಸುತ್ತಮುತ್ತ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟುವ ಮಳೆ. ಹಳಿಯಾಳ, ಮುಂಡಗೋಡಗಳ ಬಯಲಿನತ್ತ ಬಂದ ಹಾಗೆ ಅದು ತೀರ ಇಳಿಯುತ್ತದೆ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲೆಡೆ ತೇವವೇ. ಬೇಸಿಗೆಯಲ್ಲಿ ಹಳಿ ಹಿಗ್ಗಿ ಸೊಟ್ಟಗಾಗುತ್ತದೆಂದು ಹೊಸಬರು ಹೆದರುತ್ತಾರೆ. ಕೋಣೆಯೊಳಗಿನ ಬಿಸಿಲಿಗೆ ಲೋಹ ಹಿಗ್ಗುವುದು ಅಲ್ಪ. ನಿಜವಾಗಿ ಹಿಗ್ಗಿ ಕುಗ್ಗುವುದು ಕೆಳಗಿನ ಮರ. ಮಳೆಗಾಲದಲ್ಲಿ ಉಬ್ಬಿದ ಹಲಗೆ ಮಾಘದ ಒಣಹವೆಯಲ್ಲಿ ಕುಗ್ಗಿದಾಗ ಅದರ ಮೇಲಿನ ಹಳಿಗೆ ದಾರಿ ಇಲ್ಲದೆ ಬಾಗುತ್ತದೆ. ಆದ್ದರಿಂದ ಹಸಿ ಹಲಗೆಗಿಂತ ಪ್ಲೈವುಡ್ ಮೇಲು. ಒಂದು ಕಾಲದಲ್ಲಿ ದಾಂಡೇಲಿಯಲ್ಲಿ ಪ್ಲೈವುಡ್ ಕಾರ್ಖಾನೆಯೇ ಇತ್ತು. ತೇಗದ ನಾಡಿನಲ್ಲಿ ಚೌಕಟ್ಟಿಗೆ ತೇಗವನ್ನೇ ಬಳಸುವ ಆಸೆ ಸಹಜ. ಅದು ಹಿಗ್ಗುವುದು ಕಡಿಮೆ, ಗೆದ್ದಲೂ ಸುಲಭಕ್ಕೆ ಮುಟ್ಟದು, ಆದರೆ ಎತ್ತಿ ಇಳಿಸುವವರ ನಡ ಕೇಳುವುದಿಲ್ಲ. ಗುಡ್ಡ ಕಟ್ಟಲು ಹಳೆಯ ಪತ್ರಿಕೆ, ಥರ್ಮೊಕೋಲ್ ಸಾಕು. ಅಂಟಿಗೆ ಮೈದಾ ಗಂಜಿ ಮಾತ್ರ ಬೇಡ. ಮೊದಲ ಮಳೆಗೆ ಬೂಷ್ಟು ಹಿಡಿಯುತ್ತದೆ, ಎರಡನೆಯ ಮಳೆಗೆ ಜಿರಳೆ, ಇಲಿ ಬಂದು ಗುಡ್ಡವನ್ನು ಒಳಗಿನಿಂದ ತಿನ್ನುತ್ತವೆ. ಸ್ಥಿರ ಲೇಔಟಿನಲ್ಲಿ ಇದು ಗೊತ್ತಾಗುವಾಗ ತಡವಾಗಿರುತ್ತದೆ. ಎತ್ತಿಡುವ ಹಲಗೆಯ ಬೆನ್ನನ್ನು ವರ್ಷಕ್ಕೆರಡು ಸಲವಾದರೂ ಕಣ್ಣು ನೋಡಿರುತ್ತದೆ.

ಹಲಗೆಯ ಬೆನ್ನಿನ ವಿಷಯದಲ್ಲಿ ಇನ್ನೊಂದು ಲಾಭವಿದೆ. ತಂತಿಗಳೆಲ್ಲ ಇರುವುದು ಅಲ್ಲೇ. ಸ್ಥಿರ ಲೇಔಟಿನವರು ಮೇಜಿನ ಕೆಳಗೆ ಅಂಗಾತ ಮಲಗಿ, ಮುಖದ ಮೇಲೆ ಬಿಸಿ ಸೀಸ ಬೀಳದ ಹಾಗೆ ಬೆಸುಗೆ ಹಾಕಬೇಕು. ಚರದವರು ಹಲಗೆಯನ್ನು ಕಿಟಕಿಯ ಬೆಳಕಿಗೆ ಅಡ್ಡ ನಿಲ್ಲಿಸಿ, ಕುರ್ಚಿಯಲ್ಲಿ ಕೂತು ಅದೇ ಕೆಲಸ ಮುಗಿಸುತ್ತಾರೆ. ನಲವತ್ತು ದಾಟಿದವರಿಗೆ ಇದೊಂದೇ ಕಾರಣ ಸಾಕಾದೀತು.

ಹಾಗೆಂದು ಚರ ಲೇಔಟು ದೋಷವಿಲ್ಲದ್ದೇನಲ್ಲ. ಎರಡು ಹಲಗೆ ಕೂಡುವ ಪ್ರತಿ ಸಂದೂ ಗಾಡಿ ಹಳಿ ತಪ್ಪುವ ಜಾಗ. ಕೂದಲೆಳೆಯಷ್ಟು ಏರುಪೇರಾದರೂ ಚಕ್ರ ಇಳಿಯುತ್ತದೆ. ಹಲಗೆಗಳ ಅಂಚಿನಲ್ಲಿ ಹಿತ್ತಾಳೆಯ ಗೂಟ–ಕುಳಿ ಜೋಡಿ ಇಟ್ಟು, ಬೋಲ್ಟು ಬಿಗಿದು, ಸಂದಿನ ಹಳಿಯ ತುದಿಗಳನ್ನು ಕೆಳಗೆ ಹೊಡೆದ ಹಿತ್ತಾಳೆಯ ಸ್ಕ್ರೂಗೆ ಬೆಸೆದರೆ ವರ್ಷಗಟ್ಟಲೆ ಅಲುಗದು. ಸಂದಿನ ಮೇಲೆ ಕವಲುಹಳಿ ಬರದಂತೆ ನೋಡಿಕೊಳ್ಳಬೇಕು, ತಿರುವೂ ಬರದಿದ್ದರೆ ಇನ್ನೂ ಒಳ್ಳೆಯದು. ಇದಕ್ಕಿಂತ ದೊಡ್ಡ ದೋಷವೆಂದರೆ ಮನುಷ್ಯಸ್ವಭಾವ. ಹೂಡಲು ಒಂದು ಗಂಟೆ ಹಿಡಿಯುವ ಲೇಔಟು ಅಟ್ಟದಿಂದ ಇಳಿಯುವುದೇ ಇಲ್ಲ. ಮೊದಲ ತಿಂಗಳು ಭಾನುವಾರಕ್ಕೊಮ್ಮೆ, ಆಮೇಲೆ ನೆಂಟರು ಬಂದಾಗ, ಆಮೇಲೆ ಮಕ್ಕಳು ಅತ್ತಾಗ. ಹತ್ತು ನಿಮಿಷದಲ್ಲಿ ಹೂಡಲಾಗದ್ದನ್ನು ಚರವೆಂದು ಕರೆದು ಉಪಯೋಗವಿಲ್ಲ.

ಹೊರಗಿನ ಹವ್ಯಾಸಿಗಳೂ ಇದಕ್ಕೆ ನಾನಾ ಉಪಾಯ ಹುಡುಕಿದ್ದಾರೆ. ಇಂಗ್ಲೆಂಡಿನ ಸಿರಿಲ್ ಫ್ರೀಜರ್ 1957ರಲ್ಲಿ 'ಮೈನೊರೀಸ್' ಎಂಬ ನಿಲ್ದಾಣದ ನಕ್ಷೆ ಪ್ರಕಟಿಸಿದರು. ನಡುವೆ ಕೀಲಿಟ್ಟು ಪೆಟ್ಟಿಗೆಯಂತೆ ಮಡಚುವ ಉದ್ದನೆಯ ಹಲಗೆ ಅದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ 'ಎನ್‌ಟ್ರ್ಯಾಕ್' ಪದ್ಧತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರತಿಯೊಬ್ಬರೂ ಗೊತ್ತಾದ ಅಳತೆಯ, ಅಂದರೆ 4 ಅಡಿಗೆ 2 ಅಡಿಯ ಒಂದೊಂದು ಹಲಗೆ ಮಾತ್ರ ಕಟ್ಟುವುದು. ಅಂಚಿನಲ್ಲಿ ಮೂರು ಹಳಿ ಗೊತ್ತಾದ ಜಾಗದಲ್ಲೇ ಹೊರಬರಬೇಕು. ಹತ್ತಾರು ಮನೆಗಳ ಹಲಗೆಗಳು ಒಂದು ಸಭಾಂಗಣದಲ್ಲಿ ಕೂಡಿದರೆ ದೊಡ್ಡ ರೈಲ್ವೆ. ಹಾಡುಗಾರ ರಾಡ್ ಸ್ಟೀವರ್ಟ್ 2019ರಲ್ಲಿ ಲೋಕಕ್ಕೆ ತೋರಿಸಿದ ತಮ್ಮ ಬೃಹತ್ ಲೇಔಟು ಮನೆಯ ಮಹಡಿಯಲ್ಲಿ ನೆಲೆಯೂರಿತ್ತು. ಆದರೆ ಅದರ ಕಟ್ಟಡಗಳಲ್ಲಿ ಎಷ್ಟನ್ನೋ ಅವರು ಕಛೇರಿಗೆ ಊರೂರು ತಿರುಗುವಾಗ ಹೋಟೆಲಿನಲ್ಲಿ ಬೇರೊಂದು ಕೋಣೆ ಹಿಡಿದು ಮಾಡಿದ್ದು.

ಸ್ಥಿರವನ್ನೂ ಚರವನ್ನೂ ಒಂದರಲ್ಲೇ ಕೂಡಿಸುವ ಈ ಬುದ್ಧಿ ಉತ್ತರ ಕನ್ನಡದ ಮನೆಗಳಿಗೆ ಹೊಸದಲ್ಲ. ಚೌತಿಗೆ ಗಣಪತಿಯ ಮೇಲೆ ಕಟ್ಟುವ ಫಲಾವಳಿಯನ್ನೇ ನೋಡಬಹುದು. ಮರದ ಚೌಕಟ್ಟು ವರ್ಷವಿಡೀ ಅಟ್ಟದಲ್ಲಿರುತ್ತದೆ, ಹಬ್ಬದ ಮುನ್ನಾದಿನ ಕೆಳಗಿಳಿಯುತ್ತದೆ. ಅದಕ್ಕೆ ತೂಗುವ ಕಾಯಿ, ಹಣ್ಣು, ಕಾಡಹೂಗಳು ಪ್ರತಿ ಸಲ ಹೊಸವು. ಮನೆಯಲ್ಲಿ ಅದಕ್ಕೊಂದು ನಿಶ್ಚಿತ ಜಾಗವಿದೆ, ಆದರೆ ಆ ಜಾಗ ವರ್ಷದ ಉಳಿದ ದಿನ ಮನೆಯವರದ್ದು. ಲೇಔಟಿಗೂ ಇದೇ ದಾರಿ ಒಪ್ಪುತ್ತದೆ. ಹಲಗೆಗಳನ್ನು ನಾಲ್ಕಡಿಗಿಂತ ಉದ್ದ ಮಾಡದೆ, ಒಬ್ಬರೇ ಎತ್ತುವಷ್ಟು ಹಗುರವಾಗಿ ಕಟ್ಟುವುದು. ಗೋಡೆಗೆ ಎದೆಮಟ್ಟದಲ್ಲಿ ಮರದ ಪಟ್ಟಿ ಹೊಡೆದು ಹಲಗೆಗಳನ್ನು ಅದರ ಮೇಲೆ ಕೂರಿಸುವುದು. ಕೆಳಗೆ ಮಂಚವೋ ಮೇಜೋ ಇರಲಿ. ದಿನನಿತ್ಯ ಅದು ಅಲ್ಲೇ ಇರುತ್ತದೆ, ಯಾವಾಗ ಬೇಕಾದರೂ ಸ್ವಿಚ್ ಒತ್ತಬಹುದು. ವರ್ಗಾವಣೆಯ ಆದೇಶ ಬಂದ ದಿನ ಬೋಲ್ಟು ಸಡಿಲಿಸಿದರೆ ಹೊರಡಲು ಸಿದ್ಧ. ಇಂದು ಕಟ್ಟಿದ ದಾಂಡೇಲಿಯ ನಿಲ್ದಾಣ, ಮುಂದೆಂದೋ ಸ್ವಂತ ಮನೆಯಾಗಿ ಕ್ಯಾಸಲ್‌ರಾಕಿನ ಘಟ್ಟ ಕಟ್ಟುವ ದಿನ ಬಂದರೆ, ಜಾನ್ ಆಲನ್ನರ ಪುಟ್ಟ ಲೇಔಟಿನ ಹಾಗೆ ಅದರ ಒಂದು ತುದಿಗೆ ಸೇರಿಕೊಳ್ಳುತ್ತದೆ.

ಇದೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಕೋಣೆಯ ಉದ್ದಗಲವನ್ನು ಎಲ್ಲರೂ ಅಳೆಯುತ್ತಾರೆ, ಬಾಗಿಲನ್ನು ಮರೆಯುತ್ತಾರೆ. ಒಳಮನೆಯ ಬಾಗಿಲು ಅನೇಕ ಕಡೆ ಎರಡೂವರೆ ಅಡಿಗಿಂತ ಹೆಚ್ಚಿರುವುದಿಲ್ಲ. ಹಳೆಯ ಹೆಂಚಿನ ಮನೆಗಳಲ್ಲಿ ತಲೆ ಬಗ್ಗಿಸಿ ನುಗ್ಗಬೇಕು. ಮಹಡಿಯಿದ್ದರೆ ಮೆಟ್ಟಿಲಿನ ತಿರುವೂ ಲೆಕ್ಕಕ್ಕೆ ಬರುತ್ತದೆ. ನಿಲ್ದಾಣದ ಚಾವಣಿ, ಸಿಗ್ನಲ್ ಕಂಬ, ಕಾಡಿನ ಮರ ಎಲ್ಲ ಸೇರಿ ಹಲಗೆಯ ಎತ್ತರ ಎಷ್ಟಾಗುತ್ತದೆಂದು ಕೂಡಿಸಿಕೊಂಡು, ಅದನ್ನು ಅಡ್ಡ ತಿರುಗಿಸಿ ಬಾಗಿಲಿನಲ್ಲಿ ದಾಟಿಸಲು ಸಾಧ್ಯವೇ ಎಂದು ಒಂದು ಖಾಲಿ ರಟ್ಟಿನ ಪೆಟ್ಟಿಗೆಯಿಂದಲೇ ಪರೀಕ್ಷಿಸಬಹುದು.